ಅಡ್ಡ ಬಂದವರು ಯಾರು?

ಬೆಳಗಿನ ಪತ್ರಿಕೆ ನಮ್ಮ ಮನೆ ಬಾಗಿಲಿಗೆ ಬರುವುದು ಸೈಕಲಿನಲ್ಲಿ. ಬೆಳಕು ಹರಿಯುವ ಮುನ್ನವೇ ಹುಡುಗನೊಬ್ಬ ಹ್ಯಾಂಡಲಿಗೆ ನೇತುಹಾಕಿದ ಚೀಲದಿಂದ ಪತ್ರಿಕೆಯೊಂದನ್ನು ಎಳೆದು, ಸುರುಳಿ ಸುತ್ತಿ ಅಂಗಳಕ್ಕೆ ಎಸೆದು ಹೋಗುತ್ತಾನೆ. ಬಿಡಿಸಿ ನೋಡಿದರೆ ಮುಖಪುಟದ ತುಂಬ ಹೊಸ ಕಾರಿನ ಜಾಹೀರಾತು. ಆ ಚಿತ್ರದ ರಸ್ತೆಯಲ್ಲಿ ಕಾರೊಂದನ್ನು ಬಿಟ್ಟರೆ ನರಪಿಳ್ಳೆಯೂ ಇಲ್ಲ. ಪುಟ ತಿರುಗಿಸುತ್ತಾ ಹೋದರೆ ಒಳಪುಟದ ಒಂದು ಮೂಲೆಯಲ್ಲಿ, ವಿದ್ಯುತ್ ವ್ಯತ್ಯಯದ ಪ್ರಕಟಣೆಗೂ ಕಳೆದುಹೋದ ಅಂಕಪಟ್ಟಿಯ ಪ್ರಕಟಣೆಗೂ ನಡುವೆ, ನಾಲ್ಕು ಸಾಲಿನ ಸುದ್ದಿ: ‘ವಾಹನ ಡಿಕ್ಕಿ, ಸೈಕಲ್ ಸವಾರ ಸಾವು.’ ಹೆಸರು, ವಯಸ್ಸು, ಊರು. ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಅಲ್ಲಿಗೆ ಮುಗಿಯಿತು.

ಸತ್ತವನು ಎಲ್ಲಿಗೆ ಹೊರಟಿದ್ದ? ಅವನ ಹಿಂದೆ ಎಷ್ಟು ಮಂದಿ ಉಣ್ಣುವವರಿದ್ದರು? ವಾಹನ ಎಷ್ಟು ವೇಗದಲ್ಲಿತ್ತು? ಅದನ್ನು ಓಡಿಸುತ್ತಿದ್ದವರು ಯಾರು? ಈ ಯಾವ ಪ್ರಶ್ನೆಗೂ ಆ ನಾಲ್ಕು ಸಾಲುಗಳಲ್ಲಿ ಜಾಗವಿಲ್ಲ. ಪತ್ರಿಕೆಯನ್ನು ತಂದುಕೊಡುವವನು ಸೈಕಲ್ ಸವಾರ. ಆದರೆ ಪತ್ರಿಕೆಯ ಒಳಗೆ ಅವನು ಕಾಣಿಸಿಕೊಳ್ಳಬೇಕಾದರೆ ಸಾಯಬೇಕು ಎಂಬಂತಾಗಿದೆ.

ಈ ಮಾತನ್ನು ನಾವು ಬೆಳಗಾವಿಯ ಪೀರನವಾಡಿಯನ್ನು ಕಣ್ಣ ಮುಂದಿಟ್ಟುಕೊಂಡು ಬರೆಯುತ್ತಿದ್ದೇವೆ. ಬೆಳಗಾವಿಯಿಂದ ಖಾನಾಪುರದ ಮೂಲಕ ಗೋವಾಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಊರಿದು. ಒಂದು ಕಡೆ ಉದ್ಯಮಬಾಗದ ಫೌಂಡ್ರಿಗಳು, ಯಂತ್ರಭಾಗಗಳ ಕಾರ್ಖಾನೆಗಳು. ಇನ್ನೊಂದು ಕಡೆ ಮಚ್ಛೆಯ ಕೈಗಾರಿಕಾ ಪ್ರದೇಶ ಮತ್ತು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಗೋವಾದ ಕಡೆಗೆ ಸರಕು ಹೊತ್ತ ಲಾರಿಗಳು, ವಾರದ ಕೊನೆಯಲ್ಲಿ ಸಮುದ್ರ ನೋಡಲು ಹೊರಟ ಕಾರುಗಳು, ಖಾನಾಪುರದ ಬಸ್ಸುಗಳು ಎಲ್ಲವೂ ಈ ಊರಿನ ನಡುವೆಯೇ ಹಾದುಹೋಗುತ್ತವೆ. ಅದೇ ರಸ್ತೆಯ ಅಂಚಿನಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಬುತ್ತಿಯ ಡಬ್ಬಿಯನ್ನು ಕ್ಯಾರಿಯರಿಗೆ ಸಿಕ್ಕಿಸಿಕೊಂಡ ಕೂಲಿಕಾರರು, ಶಾಲೆಗೆ ಹೊರಟ ಮಕ್ಕಳು, ಮೊಟ್ಟೆಯ ತಟ್ಟೆಗಳನ್ನೋ ಪ್ಲಾಸ್ಟಿಕ್ ಕೊಡಗಳನ್ನೋ ಬೆಟ್ಟದಂತೆ ಕಟ್ಟಿಕೊಂಡ ಸಣ್ಣ ವ್ಯಾಪಾರಿಗಳು ಸೈಕಲ್ ತುಳಿಯುತ್ತಾರೆ. ಡಾಂಬರು ಮುಗಿದು ಜಲ್ಲಿ ಶುರುವಾಗುವ ಆ ಒಂದು ಮೊಳದ ಪಟ್ಟಿಯೇ ಅವರ ಪಾಲಿನ ರಸ್ತೆ. ಹಿಂದಿನಿಂದ ಹಾರ್ನ್ ಕೇಳಿಸಿದರೆ ಅದನ್ನೂ ಬಿಟ್ಟು ಮಣ್ಣಿಗೆ ಇಳಿಯಬೇಕು.

ಪೀರನವಾಡಿಯ ಹೆಸರನ್ನು ಮಾಧ್ಯಮಗಳು ಕೇಳಿಯೇ ಇಲ್ಲ ಎಂದೇನೂ ಅಲ್ಲ. 2020ರ ಆಗಸ್ಟ್ ಕೊನೆಯ ವಾರದಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯನ್ನು ಇಲ್ಲಿ ರಾತ್ರೋರಾತ್ರಿ ನಿಲ್ಲಿಸಿದಾಗ ಕನ್ನಡ-ಮರಾಠಿ ವಿವಾದ ಭುಗಿಲೆದ್ದಿತು. ಎಲ್ಲ ವಾಹಿನಿಗಳ ಕ್ಯಾಮೆರಾಗಳು ಇದೇ ರಸ್ತೆಯಲ್ಲಿ ಸಾಲುಗಟ್ಟಿ ನಿಂತವು. ಪ್ರತಿಮೆ ಅಲ್ಲಿಯೇ ಉಳಿಯಲಿ, ವೃತ್ತಕ್ಕೆ ಶಿವಾಜಿ ಮಹಾರಾಜರ ಹೆಸರಿರಲಿ ಎಂಬ ರಾಜಿಯೊಂದಿಗೆ ಪ್ರಕರಣ ತಣ್ಣಗಾಯಿತು, ಕ್ಯಾಮೆರಾಗಳು ಹೊರಟುಹೋದವು. ಆ ದಿನಗಳಲ್ಲಿ ಅವುಗಳ ಬೆನ್ನ ಹಿಂದೆಯೇ ಹಾದುಹೋದ ಸೈಕಲ್ ಸವಾರರು ಯಾವ ವಾಹಿನಿಯ ಕಣ್ಣಿಗೂ ಬೀಳಲಿಲ್ಲ. ರಾಯಣ್ಣ, ಶಿವಾಜಿ ಇಬ್ಬರ ಅಭಿಮಾನಿಗಳೂ, ಇಬ್ಬರ ಗೊಡವೆಗೂ ಹೋಗದ ಬಡವರೂ ಆ ವೃತ್ತವನ್ನು ದಾಟಬೇಕಾದದ್ದು ಅದೇ ಲಾರಿಗಳ ನಡುವೆ ಎಂಬುದು ಸುದ್ದಿಯ ಲೆಕ್ಕಕ್ಕೆ ಬರಲಿಲ್ಲ. ಬೆಳಗಾವಿಯಲ್ಲಿ ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ಪತ್ರಿಕೆಗಳನ್ನು ಓದುವವರಿದ್ದಾರೆ. ಗಡಿಯ ವಿಷಯದಲ್ಲಿ ಒಂದಕ್ಕೊಂದು ಹೊಂದದ ಪತ್ರಿಕೆಗಳು ಸೈಕಲ್ ಸವಾರನ ಸಾವನ್ನು ವರದಿ ಮಾಡುವಾಗ ಮಾತ್ರ ಒಂದೇ ಭಾಷೆಯಲ್ಲಿ ಮಾತಾಡುತ್ತವೆ!

ಆ ಭಾಷೆಯನ್ನು ಸ್ವಲ್ಪ ಗಮನಿಸಿ. ‘ಕಾರು ಡಿಕ್ಕಿ’ ಎನ್ನುತ್ತೇವೆ. ಕಾರು ತಾನಾಗಿ ಹೊರಟು ತಾನಾಗಿ ಡಿಕ್ಕಿ ಹೊಡೆಯಿತೇ? ‘ಚಾಲಕನ ನಿಯಂತ್ರಣ ತಪ್ಪಿ’ ಎನ್ನುತ್ತೇವೆ. ನಿಯಂತ್ರಣ ಎಂಬುದು ತಾನಾಗಿ ತಪ್ಪಿಹೋಗುವ ವಸ್ತುವೇ, ಅಥವಾ ವೇಗದಿಂದಲೋ ಕುಡಿತದಿಂದಲೋ ಕೈಯಲ್ಲಿದ್ದ ಮೊಬೈಲಿನಿಂದಲೋ ಒಬ್ಬ ಮನುಷ್ಯ ಅದನ್ನು ಕಳೆದುಕೊಂಡನೇ? ಇನ್ನು ‘ಅಡ್ಡ ಬಂದ ಸೈಕಲ್ ಸವಾರನನ್ನು ತಪ್ಪಿಸಲು ಹೋಗಿ’ ಎಂಬ ಮಾತು. ಕಾರಿಗೆ ಚಾಲಕನೇ ಇಲ್ಲದಂತೆ ಬರೆಯುವ ಅದೇ ಲೇಖನಿ ಸೈಕಲಿಗೆ ಮಾತ್ರ ತಪ್ಪದೆ ಸವಾರನೊಬ್ಬನನ್ನು ಕೂರಿಸುತ್ತದೆ. ಅವನು ‘ಅಡ್ಡ ಬಂದವನು’. ರಸ್ತೆಯಲ್ಲಿ ಹೋಗುತ್ತಿದ್ದವನು ಕಾರಿನವನು, ಅಡ್ಡ ಬಂದವನು ಸೈಕಲಿನವನು. ಯಾರ ರಸ್ತೆಗೆ ಯಾರು ಅಡ್ಡ? ಕಾನೂನಿನ ಪ್ರಕಾರ ಆ ರಸ್ತೆಯ ಮೇಲೆ ಇಬ್ಬರಿಗೂ ಹಕ್ಕಿದೆ.

ವರದಿಗಾರರನ್ನಷ್ಟೇ ದೂರಿ ಪ್ರಯೋಜನವಿಲ್ಲ ಎಂಬುದೂ ನಮಗೆ ಗೊತ್ತು. ಜಿಲ್ಲಾ ವರದಿಗಾರನಿಗೆ ದಿನಕ್ಕೆ ಹತ್ತು ಸುದ್ದಿ ಕಳುಹಿಸುವ ಒತ್ತಡ. ಠಾಣೆಯ ಟಿಪ್ಪಣಿಯೇ ಅವನ ಆಧಾರ. ಆ ಟಿಪ್ಪಣಿಯಲ್ಲಿರುವುದು ಬದುಕಿ ಉಳಿದು ಹೇಳಿಕೆ ಕೊಡಬಲ್ಲವನ ಮಾತು. ಸತ್ತವನು ಬಂದು ತಾನು ಅಡ್ಡ ಬರಲಿಲ್ಲ ಎಂದು ಹೇಳಲಾರ. ಹೀಗೆ ಒಬ್ಬನ ಮಾತೇ ಠಾಣೆಯಿಂದ ಪತ್ರಿಕೆಗೆ, ಪತ್ರಿಕೆಯಿಂದ ಊರಿನ ಬಾಯಿಗೆ ಹೋಗಿ ಸತ್ಯವಾಗಿ ಕುಳಿತುಬಿಡುತ್ತದೆ.

ಇದು ಬರೀ ಶಬ್ದಗಳ ಜಗಳವಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ವಿಮಾ ಕಂಪೆನಿಯ ವಕೀಲರು ಎತ್ತುವ ಮಾಮೂಲಿ ವಾದವೂ ಇದೇ: ಸೈಕಲ್ ಸವಾರನ ನಿರ್ಲಕ್ಷ್ಯವೂ ಇತ್ತು. ಆ ವಾದ ಗೆದ್ದರೆ ವಿಧವೆಗೆ ಸಿಗಬೇಕಾದ ಪರಿಹಾರದಲ್ಲಿ ಅಷ್ಟು ಪಾಲು ಕಡಿತವಾಗುತ್ತದೆ. ‘ಅವನೇ ಅಡ್ಡ ಬಂದನಂತೆ’ ಎಂದು ಓಣಿಯೇ ನಂಬಿದ ಮೇಲೆ ಸಾಕ್ಷಿ ಹೇಳಲು ಮುಂದೆ ಬರುವವರು ಯಾರು? ಎಷ್ಟೋ ಮನೆಗಳಲ್ಲಿ ‘ಅಲ್ಲಾಹನ ಇಚ್ಛೆ’ ಎಂದು ಕಣ್ಣೀರು ಒರೆಸಿಕೊಂಡು ದಾವೆಯನ್ನೇ ಹೂಡದೆ ಸುಮ್ಮನಾಗುತ್ತಾರೆ. ವಿಧಿಯನ್ನು ಒಪ್ಪಿಕೊಳ್ಳುವುದು ಬೇರೆ. ಕೊಂದವನನ್ನು ಲೆಕ್ಕದಿಂದ ಬಿಟ್ಟುಬಿಡುವುದು ಬೇರೆ.

ಇಲ್ಲಿ ಓದುಗರಿಗೆ ಒಂದು ಮಾಹಿತಿಯನ್ನು ನೀಡಲೇಬೇಕು. ಏಕೆಂದರೆ ಇದನ್ನು ಪತ್ರಿಕೆಗಳು ಬರೆಯುವುದು ಅಪರೂಪ. ಡಿಕ್ಕಿ ಹೊಡೆದು ಪರಾರಿಯಾದ ವಾಹನ ಯಾವುದೆಂದು ಗೊತ್ತಾಗದಿದ್ದರೂ ಪರಿಹಾರಕ್ಕೆ ಅವಕಾಶವಿದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಂತೆ ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಅದಕ್ಕೂ ಮೊದಲು ಇದ್ದದ್ದು 25 ಸಾವಿರ ಮತ್ತು 12,500. ಅರ್ಜಿಯನ್ನು ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ ಸಲ್ಲಿಸಬೇಕು. ವಾಹನದ ವಿವರ ಒಂದು ತಿಂಗಳೊಳಗೆ ಸಿಗದಿದ್ದರೆ ಈ ಯೋಜನೆಯ ಬಗ್ಗೆ ಸಂತ್ರಸ್ತರ ಕುಟುಂಬಕ್ಕೆ ಠಾಣಾಧಿಕಾರಿಯೇ ಲಿಖಿತವಾಗಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿದೆ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಹೀಗೆ ಗುದ್ದಿ ಓಡಿದ ಪ್ರಕರಣಗಳಲ್ಲಿ ಸತ್ತವರು 30 ಸಾವಿರಕ್ಕೂ ಹೆಚ್ಚು. ಪರಿಹಾರ ಕೇಳಿ ಬಂದವರ ಸಂಖ್ಯೆ ತೀರಾ ಅಲ್ಪ ಎಂಬುದೇ ನ್ಯಾಯಾಲಯ ಮಧ್ಯಪ್ರವೇಶಿಸಲು ಕಾರಣವಾಗಿತ್ತು. ಮೊಹಲ್ಲಾದ ಜಮಾಅತ್‌ಗಳು ಒಂದು ಅರ್ಜಿ ತುಂಬಿಸಿಕೊಡುವ ಕೆಲಸವನ್ನಾದರೂ ವಹಿಸಿಕೊಳ್ಳಬಾರದೇ?

ಕೇಂದ್ರ ಸಾರಿಗೆ ಸಚಿವಾಲಯದ ಅಂಕಿಅಂಶದಂತೆ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಇವರಲ್ಲಿ ಪಾದಚಾರಿಗಳು 32 ಸಾವಿರಕ್ಕಿಂತ ಹೆಚ್ಚು. ಸೈಕಲ್ ಸವಾರರು 4,800ರ ಆಸುಪಾಸು. ಅಂದರೆ ದಿನಕ್ಕೆ ಹದಿಮೂರು ಸೈಕಲ್ ಸವಾರರು. ಒಂದು ಬಸ್ಸು ಕಂದಕಕ್ಕೆ ಉರುಳಿ ಹದಿಮೂರು ಮಂದಿ ಸತ್ತರೆ ವಾಹಿನಿಗಳು ಇಡೀ ದಿನ ಅದನ್ನೇ ತೋರಿಸುತ್ತವೆ, ಮಂತ್ರಿಗಳು ಧಾವಿಸುತ್ತಾರೆ. ಹದಿಮೂರು ಮಂದಿ ಹದಿಮೂರು ಊರುಗಳಲ್ಲಿ ಒಬ್ಬೊಬ್ಬರಾಗಿ ಸತ್ತರೆ ಅದು ಸುದ್ದಿಯೇ ಅಲ್ಲ!

ಈ ಬಗೆಯ ಬರವಣಿಗೆ ಓದುಗನ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಸಂಶೋಧಕರು 2019ರಲ್ಲಿ ಒಂದೇ ಅಪಘಾತದ ಸುದ್ದಿಯನ್ನು ಬೇರೆ ಬೇರೆ ರೀತಿಯಲ್ಲಿ ಬರೆದು ಸುಮಾರು ಸಾವಿರ ಮಂದಿಗೆ ಓದಲು ಕೊಟ್ಟರು. ವಾಕ್ಯದ ಕರ್ತೃವಾಗಿ ಚಾಲಕನನ್ನು ಇಟ್ಟಾಗ, ಇಂಥ ಸಾವುಗಳು ಆ ರಸ್ತೆಯಲ್ಲಿ ಹಿಂದೆಯೂ ಆಗಿವೆ ಎಂದು ಒಂದು ಸಾಲು ಸೇರಿಸಿದಾಗ, ಓದುಗರು ತಪ್ಪು ಯಾರದ್ದೆಂದು ಹೇಳುವುದೂ ಪರಿಹಾರವೇನೆಂದು ಯೋಚಿಸುವುದೂ ಬದಲಾಯಿತು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕಿಂತಲೂ ಭಯಾನಕ. ಸೈಕಲ್ ತುಳಿಯದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೈಕಲ್ ಸವಾರರನ್ನು ಪೂರ್ಣ ಮನುಷ್ಯರೆಂದು ಪರಿಗಣಿಸಲಿಲ್ಲ. ಹಾಗೆ ಕೀಳಾಗಿ ಕಂಡವರೇ ರಸ್ತೆಯಲ್ಲಿ ಅವರ ಮೇಲೆ ಹೆಚ್ಚು ಆಕ್ರಮಣಕಾರಿಯಾಗಿ ನಡೆದುಕೊಂಡದ್ದಾಗಿಯೂ ಒಪ್ಪಿಕೊಂಡರು. ಒಂದು ಸಮುದಾಯವನ್ನು ಮೊದಲು ಭಾಷೆಯಲ್ಲಿ ಮನುಷ್ಯತ್ವದಿಂದ ಕೆಳಗಿಳಿಸಿ, ಆನಂತರ ಬೀದಿಯಲ್ಲಿ ಅದರ ಮೇಲೆರಗುವ ಕ್ರಮ ನಮಗೇನೂ ಅಪರಿಚಿತವಲ್ಲ.

ಹಾಗೆಂದು ಮಾಧ್ಯಮಗಳಿಗೆ ಸೈಕಲಿನ ಮೇಲೆ ದ್ವೇಷವಿದೆ ಎನ್ನಲಾಗದು. ಜೂನ್ 3ರ ವಿಶ್ವ ಸೈಕಲ್ ದಿನದಂದು ಪುರವಣಿಗಳನ್ನು ನೋಡಿ. ಹೆಲ್ಮೆಟ್ ಧರಿಸಿ, ಲಕ್ಷ ರೂಪಾಯಿಯ ಗೇರ್ ಸೈಕಲ್ ಏರಿದ ವೈದ್ಯರು, ಉದ್ಯಮಿಗಳು, ಅಧಿಕಾರಿಗಳು. ಆರೋಗ್ಯಕ್ಕೆ ಒಳ್ಳೆಯದು, ಪರಿಸರಕ್ಕೆ ಒಳ್ಳೆಯದು ಎಂಬ ಉಪದೇಶ. ಅವರನ್ನು ಮೆಚ್ಚುವುದು ಸರಿಯೇ. ಆದರೆ ಕಾರನ್ನು ಮನೆಯಲ್ಲಿ ಬಿಟ್ಟು ಸೈಕಲ್ ಏರಿದವನು ‘ಸೈಕ್ಲಿಸ್ಟ್’; ಕಾರೇ ಇಲ್ಲದೆ ಸೈಕಲ್ ಏರಿದವನು ‘ಅಡ್ಡ ಬಂದವನು’. 2013ರ ಅಕ್ಟೋಬರಿನಲ್ಲಿ ಪರಿಸರ ಹೋರಾಟಗಾರ್ತಿ ಸುನೀತಾ ನಾರಾಯಣ್ ಅವರು ದೆಹಲಿಯಲ್ಲಿ ಸೈಕಲಿನಲ್ಲಿ ಹೋಗುವಾಗ ಕಾರೊಂದು ಗುದ್ದಿ ಪರಾರಿಯಾಯಿತು. 2024ರ ಫೆಬ್ರವರಿಯಲ್ಲಿ ಇಂಟೆಲ್ ಕಂಪೆನಿಯ ಭಾರತ ವಿಭಾಗದ ಮಾಜಿ ಮುಖ್ಯಸ್ಥ ಅವತಾರ್ ಸೈನಿ ನವಿ ಮುಂಬಯಿಯಲ್ಲಿ ಸೈಕಲ್ ತುಳಿಯುತ್ತಿದ್ದಾಗ ಟ್ಯಾಕ್ಸಿಯೊಂದು ಹಿಂದಿನಿಂದ ಗುದ್ದಿ ಮೃತಪಟ್ಟರು. ಎರಡೂ ಘಟನೆಗಳು ದೇಶದಾದ್ಯಂತ ಸುದ್ದಿಯಾದವು, ರಸ್ತೆ ಸುರಕ್ಷತೆಯ ಚರ್ಚೆಗಳು ನಡೆದವು. ಸುನೀತಾ ಅವರು ಚೇತರಿಸಿಕೊಂಡ ಮೇಲೆ ತನ್ನ ಕಥೆಯನ್ನಷ್ಟೇ ಹೇಳಿ ಸುಮ್ಮನಾಗದೆ, ದಿನವೂ ಹೀಗೆ ಬೀಳುವ ಹೆಸರಿಲ್ಲದ ಸವಾರರ ಬಗ್ಗೆ, ನಮ್ಮ ರಸ್ತೆಗಳನ್ನು ಕಾರಿಗಾಗಿ ಮಾತ್ರ ಕಟ್ಟುತ್ತಿರುವುದರ ಬಗ್ಗೆ ಬರೆದರು. ಮಾಧ್ಯಮಗಳು ಅವರನ್ನು ನೆನಪಿಟ್ಟುಕೊಂಡವು, ಅವರ ಮಾತನ್ನು ಮರೆತವು.

ಬಡವನ ಸೈಕಲನ್ನೂ ಮಾಧ್ಯಮಗಳು ಹೊಗಳಿದ ಒಂದು ಕಾಲವಿತ್ತು. 2020ರ ಲಾಕ್‌ಡೌನ್. ಗುರುಗ್ರಾಮದಿಂದ ಬಿಹಾರದ ದರ್ಭಂಗಾಕ್ಕೆ, ಸುಮಾರು 1,200 ಕಿಲೋಮೀಟರ್, ಗಾಯಗೊಂಡ ತಂದೆಯನ್ನು ಹಿಂದೆ ಕೂರಿಸಿಕೊಂಡು ಸೈಕಲ್ ತುಳಿದ ಹದಿನೈದರ ಹುಡುಗಿಯನ್ನು ನೆನಪಿಸಿಕೊಳ್ಳಿ. ಅಮೆರಿಕದ ಅಧ್ಯಕ್ಷರ ಮಗಳು ಟ್ವೀಟ್ ಮಾಡಿದ್ದೇ ತಡ, ನಮ್ಮ ವಾಹಿನಿಗಳು ಸಹನೆ, ಪಿತೃಪ್ರೇಮ, ಕ್ರೀಡಾಪ್ರತಿಭೆ ಎಂದೆಲ್ಲ ಹಾಡಿ ಹೊಗಳಿದವು. ಒಬ್ಬ ಬಾಲಕಿ ಹಾಗೆ ತುಳಿಯಬೇಕಾದ ಸ್ಥಿತಿಯನ್ನು ತಂದವರು ಯಾರು ಎಂಬ ಪ್ರಶ್ನೆ ಆ ಹೊಗಳಿಕೆಯಲ್ಲಿ ಮುಚ್ಚಿಹೋಯಿತು. ಅದೇ ಮೇ ತಿಂಗಳಲ್ಲಿ ಲಕ್ನೋದಿಂದ ಛತ್ತೀಸಗಢಕ್ಕೆ ಇಬ್ಬರು ಮಕ್ಕಳೊಂದಿಗೆ ಸೈಕಲಿನಲ್ಲಿ ಹೊರಟಿದ್ದ ಕೂಲಿಕಾರ ದಂಪತಿ ವಾಹನಕ್ಕೆ ಸಿಲುಕಿ ಸತ್ತರು. ಮಕ್ಕಳು ಉಳಿದರು. ಇವರ ಬಗ್ಗೆ ಟ್ವೀಟ್ ಮಾಡಲು ಯಾರಿಗೂ ತೋಚಲಿಲ್ಲ.

ಮಾಧ್ಯಮಗಳ ಈ ದೃಷ್ಟಿ ರಸ್ತೆಯ ಸ್ವರೂಪವನ್ನೇ ಹೇಗೆ ತೀರ್ಮಾನಿಸುತ್ತದೆ ಎಂಬುದಕ್ಕೆ ದೆಹಲಿಗಿಂತ ಒಳ್ಳೆಯ ಪಾಠವಿಲ್ಲ. 2008ರ ಏಪ್ರಿಲಿನಲ್ಲಿ ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ ಆರು ಕಿಲೋಮೀಟರಿನಷ್ಟು ಉದ್ದದ ಒಂದು ರಸ್ತೆಯನ್ನು ಮರುಹಂಚಲಾಯಿತು. ನಡುವೆ ಬಸ್ಸುಗಳಿಗೆ ಪ್ರತ್ಯೇಕ ಪಥ, ಅಂಚಿನಲ್ಲಿ ಸೈಕಲಿಗೆ ಪ್ರತ್ಯೇಕ ಪಥ, ನಡೆಯುವವರಿಗೆ ಕಾಲುದಾರಿ, ಉಳಿದದ್ದು ಕಾರುಗಳಿಗೆ. ಉದ್ಘಾಟನೆಯ ಮೊದಲ ದಿನದಿಂದಲೇ ರಾಜಧಾನಿಯ ಇಂಗ್ಲಿಷ್ ಪತ್ರಿಕೆಗಳೂ ವಾಹಿನಿಗಳೂ ಅದರ ಮೇಲೆ ಮುಗಿಬಿದ್ದವು. ಕಾರುಗಳ ಸಾಲನ್ನು ತೋರಿಸಿದ ಕ್ಯಾಮೆರಾ ಪಕ್ಕದಲ್ಲೇ ಸರಾಗವಾಗಿ ಸಾಗುತ್ತಿದ್ದ ಬಸ್ಸಿನೊಳಗೆ ಹೋಗಲಿಲ್ಲ, ಸೈಕಲ್ ಪಥಕ್ಕೆ ಇಳಿಯಲಿಲ್ಲ. ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು. ಕಾರಿನಲ್ಲಿ ಹೋಗುವವರು ದೇಶದ ಸಂಪತ್ತನ್ನು ಸೃಷ್ಟಿಸುವವರು, ಅವರ ಸಮಯ ಬೆಲೆಯುಳ್ಳದ್ದು ಎಂಬಂಥ ವಾದವನ್ನೂ ಅಲ್ಲಿ ಮಂಡಿಸಲಾಯಿತು! ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸುವವನು, ಗಾರೆ ಹೊರುವವನು ಸೃಷ್ಟಿಸುವುದು ಸಂಪತ್ತಲ್ಲವೇ? 2012ರ ಅಕ್ಟೋಬರಿನಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ವಜಾಗೊಳಿಸಿತು. ನ್ಯಾಯಾಲಯದಲ್ಲಿ ಸೋತವರು ಮಾಧ್ಯಮದಲ್ಲಿ ಗೆದ್ದಿದ್ದರು. ಕೊನೆಗೆ ಜನಸಾಮಾನ್ಯರ ಹೆಸರು ಹೇಳಿ ಅಧಿಕಾರಕ್ಕೆ ಬಂದ ಪಕ್ಷದ ಸರಕಾರವೇ 2016ರಲ್ಲಿ ಆ ಪಥವನ್ನು ಕಿತ್ತುಹಾಕಿಸಿತು. ಯೋಜನೆಯಲ್ಲಿ ಲೋಪಗಳಿರಲಿಲ್ಲ ಎಂದು ನಾವು ವಾದಿಸುವುದಿಲ್ಲ. ಆದರೆ ಲೋಪವಿದ್ದರೆ ತಿದ್ದಬೇಕಿತ್ತು. ಕಾರಿನ ಮೇಲುಸೇತುವೆಯಲ್ಲಿ ಲೋಪ ಕಂಡಾಗ ಅದನ್ನು ಕೆಡವಿ ಸೈಕಲಿಗೆ ಕೊಡಿ ಎಂದು ಯಾವ ಪತ್ರಿಕೆ ಬರೆದಿದೆ?

ಕೊಲ್ಕತ್ತಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2013ರಲ್ಲಿ ಅಲ್ಲಿನ ಪೊಲೀಸರು 174 ರಸ್ತೆಗಳಲ್ಲಿ ಸೈಕಲನ್ನೇ ನಿಷೇಧಿಸಿದರು. ಸಂಚಾರಕ್ಕೆ ಅಡ್ಡಿ ಎಂಬುದೇ ಕಾರಣ. ಬೀದಿಗಿಳಿದವರು ಹಾಲು ಮಾರುವವರು, ಸಣ್ಣ ವ್ಯಾಪಾರಿಗಳು, ಪತ್ರಿಕೆ ಹಂಚುವವರು. ಪ್ರತಿಭಟನೆಯ ನಂತರ ನಿಷೇಧಿತ ರಸ್ತೆಗಳ ಸಂಖ್ಯೆಯನ್ನು ಇಳಿಸಲಾಯಿತು. ಬಡವರನ್ನು ರಸ್ತೆಯಿಂದ ಓಡಿಸಲು ಒಂದು ಸುತ್ತೋಲೆ ಸಾಕು. ಅದೇ ರಸ್ತೆಯ ಮೇಲೆ ಎರಡು ಸಾಲಿನಲ್ಲಿ ನಿಲ್ಲಿಸಿದ ಕಾರುಗಳನ್ನು ಓಡಿಸಲು ಯಾವ ಸುತ್ತೋಲೆಯೂ ಸಾಲದು.

ನಮ್ಮ ರಾಜ್ಯದ ರಾಜಕೀಯದಲ್ಲಿ ಸೈಕಲಿಗೆ ಸಿಕ್ಕಿರುವ ಗೌರವವನ್ನೂ ನೋಡೋಣ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಪುರಭವನದ ಮುಂದೆ ಸಂಸದ ತೇಜಸ್ವಿ ಸೂರ್ಯ ಅವರು ಪೌರತ್ವ ಕಾಯ್ದೆಯನ್ನು ವಿರೋಧಿಸುವವರನ್ನು ಅನಕ್ಷರಸ್ಥರು, ಪಂಕ್ಚರ್ ಹಾಕುವವರು ಎಂದು ಮೂದಲಿಸಿದರು. 2025ರ ಏಪ್ರಿಲಿನಲ್ಲಿ ಹಿಸಾರ್‌ನ ಸಭೆಯಲ್ಲಿ ಪ್ರಧಾನಿಯವರೂ ವಕ್ಫ್ ಆಸ್ತಿ ಸರಿಯಾಗಿ ಬಳಕೆಯಾಗಿದ್ದರೆ ಮುಸ್ಲಿಮ್ ಯುವಕರು ಸೈಕಲ್ ಪಂಕ್ಚರ್ ಹಾಕಿ ಬದುಕಬೇಕಾಗಿರಲಿಲ್ಲ ಎಂದರು. ವಾಹಿನಿಗಳು ಈ ಮಾತುಗಳನ್ನು ಚಪ್ಪರಿಸಿದವು. ಪಂಕ್ಚರ್ ಹಾಕುವುದು ಅವಮಾನದ ಕಸುಬು ಎಂದು ಯಾರು ತೀರ್ಮಾನಿಸಿದರು? ದಾರಿಯಲ್ಲಿ ನಿಂತುಹೋದವನನ್ನು ಹತ್ತಿಪ್ಪತ್ತು ರೂಪಾಯಿಗೆ ಮತ್ತೆ ದಾರಿಗೆ ಹಚ್ಚುವ ಕೆಲಸ ಅದು. ನಮ್ಮ ಯುವಕರಿಗೆ ಅದಕ್ಕಿಂತ ಒಳ್ಳೆಯ ಅವಕಾಶಗಳು ಬೇಕು ಎಂಬುದು ಸತ್ಯ. ಅದನ್ನು ಒದಗಿಸಬೇಕಾದವರೇ ಅದನ್ನು ಬೈಗುಳವಾಗಿ ಬಳಸುವುದು ಸಲ್ಲದು.

ಇನ್ನೊಂದು ಪಕ್ಷದವರು ಹಿಂದೆ ಬಿದ್ದಿಲ್ಲ. 2025ರ ಕೊನೆಯಲ್ಲಿ ಬೆಂಗಳೂರಿನ ಹದಿನೇಳು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಸುರಂಗ ರಸ್ತೆಯನ್ನು ಸಮರ್ಥಿಸುವಾಗ ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಅವರು ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ ಎಂದರು. ಪತ್ರಿಕೆಗಳಲ್ಲಿ ಅದು ನಗೆಯ ಸುದ್ದಿಯಾಯಿತು. ಆದರೆ ದೇಶದ ಆರೋಗ್ಯ ಸಮೀಕ್ಷೆಯ ಪ್ರಕಾರ 2019-21ರಲ್ಲಿ ಕಾರಿದ್ದ ಮನೆಗಳು ನೂರಕ್ಕೆ ಎಂಟರಷ್ಟು. ಸೈಕಲಿದ್ದ ಮನೆಗಳು ಅರ್ಧದಷ್ಟು. ಆ ಎಂಟು ಮನೆಗಳ ಕಾರು ಹೋಗಲು ನೆಲದಡಿಯಲ್ಲೂ ರಸ್ತೆ ಬೇಕು. ಐವತ್ತು ಮನೆಗಳ ಸೈಕಲಿಗೆ ನೆಲದ ಮೇಲೆ ಒಂದು ಮಾರು ಜಾಗವೂ ಸಿಗುವುದಿಲ್ಲ. ಕರ್ನಾಟಕದಲ್ಲಿ ನಡೆಯುವವರ ಮತ್ತು ಸೈಕಲ್ ಸವಾರರ ಹಕ್ಕುಗಳಿಗಾಗಿ 2021ರಲ್ಲೇ ಒಂದು ಕರಡು ಮಸೂದೆ ಸಿದ್ಧವಾಗಿತ್ತು ಎಂಬುದನ್ನು ಎಷ್ಟು ಓದುಗರು ಬಲ್ಲರು? ಸುರಂಗದ ಸುದ್ದಿಗೆ ಸಿಕ್ಕ ಪುಟಗಳಲ್ಲಿ ನೂರರ ಒಂದು ಪಾಲೂ ಅದಕ್ಕೆ ಸಿಗಲಿಲ್ಲ.

ಆದರೆ ಶಿವಕುಮಾರ್ ಅವರು ಹೇಳಿದ್ದು ಸುಳ್ಳೇ? ಇಲ್ಲಿ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕಾಗುತ್ತದೆ. ನಮ್ಮ ಹಿರಿಯರ ಕಾಲದಲ್ಲಿ ವರನಿಗೆ ಕೊಡುತ್ತಿದ್ದುದು ಸೈಕಲ್, ಗಡಿಯಾರ, ರೇಡಿಯೋ. ಸೈಕಲ್ ಹೋಗಿ ಬೈಕ್ ಬಂತು, ಬೈಕ್ ಹೋಗಿ ಕಾರು ಬಂತು. ವರದಕ್ಷಿಣೆ ಎಂಬ ಅನಿಷ್ಟ ಅದೇ. ಬದಲಾದದ್ದು ಬೇಡಿಕೆಯ ಗಾತ್ರ ಮಾತ್ರ. ಮಗಳ ಮದುವೆಗೆ ಮನೆ ಮಾರಿ ಕಾರು ಕೊಟ್ಟ ತಂದೆ ತಾನು ಸೈಕಲಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಅದೇ ರಸ್ತೆಯಲ್ಲಿ ಅಳಿಯನ ಕಾರು ಹಾರ್ನ್ ಬಾರಿಸುತ್ತಾ ಅವನನ್ನು ದಾಟಿ ಹೋಗುತ್ತದೆ. ಜುಮುಅ ದಿನ ಮಸೀದಿಯ ಮುಂದಿನ ರಸ್ತೆಯನ್ನು ಅರ್ಧಕ್ಕರ್ಧ ಕಾರುಗಳಿಂದ ತುಂಬುವವರೂ ನಾವೇ, ಮದುವೆ ದಿಬ್ಬಣದಲ್ಲಿ ಬೈಕುಗಳ ಚಕ್ರ ಎತ್ತಿ ಕುಣಿಸುವ ಹುಡುಗರೂ ನಮ್ಮವರೇ. ದಾರಿಯ ಮೇಲಿನ ತೊಡಕನ್ನು ತೆಗೆಯುವುದು ಈಮಾನಿನ ಒಂದು ಶಾಖೆ ಎಂದು ಮದ್ರಸದಲ್ಲಿ ಕಲಿತವರು ನಾವು. ವಾಹನದ ಮೇಲಿರುವವನು ನಡೆಯುವವನಿಗೆ ತಾನೇ ಮೊದಲು ಸಲಾಮ್ ಹೇಳಬೇಕೆಂಬ ಶಿಷ್ಟಾಚಾರವೂ ನಮ್ಮ ಮಕ್ಕಳಿಗೆ ಬಾಯಿಪಾಠ. ಸಲಾಮಿನ ಜಾಗಕ್ಕೆ ಹಾರ್ನ್ ಬಂದದ್ದು ಯಾವಾಗ?

ಸೈಕಲ್ ಸವಾರರೇನು ಎಲ್ಲರೂ ನಿಯಮ ಪಾಲಿಸುವ ಸಾಧುಗಳೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ದೀಪವಿಲ್ಲದೆ ರಾತ್ರಿ ತುಳಿಯುವವರಿದ್ದಾರೆ, ಎದುರುಗಡೆಯಿಂದ ಬರುವವರಿದ್ದಾರೆ. ಹಿಂದೆ ಪುರಸಭೆಯ ಬಿಲ್ಲೆ ಇಲ್ಲದ, ಡೈನಮೋ ದೀಪವಿಲ್ಲದ ಸೈಕಲಿನ ಗಾಳಿಯನ್ನು ಪೊಲೀಸರು ಬಿಡುತ್ತಿದ್ದುದನ್ನು ಹಿರಿಯ ಓದುಗರು ಮರೆತಿರಲಾರರು. ಸೈಕಲಿನ ಹಿಂದೆ ಒಂದು ಕೆಂಪು ಪ್ರತಿಫಲಕ ಅಂಟಿಸುವುದು ದೊಡ್ಡ ಖರ್ಚಲ್ಲ, ಅದನ್ನು ಮಾಡಲೇಬೇಕು. ಆದರೆ ಎದುರುಗಡೆಯಿಂದ ಬರುವವನನ್ನು ಬಯ್ಯುವ ಮುನ್ನ ಒಂದು ಕ್ಷಣ ರಸ್ತೆಯನ್ನು ನೋಡಿ. ನಡುವೆ ವಿಭಜಕ ಎದ್ದ ಮೇಲೆ ಆಚೆ ಬದಿಯ ಕಾರ್ಖಾನೆಗೆ ಹೋಗಬೇಕಾದವನು ತಿರುವು ಹುಡುಕಿಕೊಂಡು ಬಹುದೂರ ತುಳಿದು ಮತ್ತೆ ಅಷ್ಟೇ ದೂರ ಹಿಂದಿರುಗಬೇಕು. ಕಾರಿಗೆ ಅದು ಎರಡು ನಿಮಿಷ; ಮಾಗಿಯ ಚಳಿಯಲ್ಲಿ ಎಂಟು ಗಂಟೆಯ ಪಾಳಿ ಮುಗಿಸಿದ ಕಾಲುಗಳಿಗೆ ಅದು ಕಾಲು ಗಂಟೆಯ ಶ್ರಮ. ವಿಭಜಕವನ್ನು ಎಳೆದವರು ಅವನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವನ ತಪ್ಪನ್ನು ಬರೆಯುವ ವರದಿಯಲ್ಲಿ ಈ ತಪ್ಪಿಗೂ ಒಂದು ಸಾಲು ಬೇಕಲ್ಲವೇ?

ಪತ್ರಿಕೆಯೊಂದು ಬಯಸಿದರೆ ಏನಾಗಬಹುದು ಎಂಬುದಕ್ಕೆ ನೆದರ್ಲೆಂಡ್ಸ್ ಸಾಕ್ಷಿ. ಇಂದು ಸೈಕಲಿನ ಸ್ವರ್ಗ ಎನಿಸಿಕೊಂಡಿರುವ ಆ ಪುಟ್ಟ ದೇಶದಲ್ಲಿ 1971ರಲ್ಲಿ ರಸ್ತೆಗಳ ಮೇಲೆ 3 ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತನ ಆರು ವರ್ಷದ ಮಗಳು ಸೈಕಲಿನಲ್ಲಿ ಶಾಲೆಗೆ ಹೋಗುವಾಗ ಕಾರಿಗೆ ಬಲಿಯಾದಳು. ಆತ ಅದನ್ನು ‘ಅಪಘಾತ’ ಎಂದು ಬರೆಯಲೊಪ್ಪಲಿಲ್ಲ. ಮಕ್ಕಳ ಕೊಲೆ ನಿಲ್ಲಲಿ ಎಂಬ ಅರ್ಥದ ಶೀರ್ಷಿಕೆಯಲ್ಲಿ 1972ರಲ್ಲಿ ಲೇಖನ ಬರೆದ. ಆ ಶೀರ್ಷಿಕೆಯೇ ಚಳವಳಿಯ ಹೆಸರಾಯಿತು. ತಾಯಂದಿರು ಮಕ್ಕಳೊಂದಿಗೆ ರಸ್ತೆಯಲ್ಲಿ ಕುಳಿತರು. 1973ರ ತೈಲ ಬಿಕ್ಕಟ್ಟೂ ಜತೆಗೂಡಿತು. ಸರಕಾರ ರಸ್ತೆಗಳನ್ನು ಮರುಹಂಚಿತು. ಈಗ ಅಲ್ಲಿ ವರ್ಷಕ್ಕೆ ರಸ್ತೆಯಲ್ಲಿ ಸಾಯುವವರು ಏಳುನೂರರ ಆಸುಪಾಸು. ಬ್ರಿಟನ್ನಿನಲ್ಲಿ 2021ರಲ್ಲಿ ಪತ್ರಕರ್ತರಿಗಾಗಿಯೇ ಒಂದು ಮಾರ್ಗಸೂಚಿ ರಚನೆಯಾಯಿತು: ಕಾರು ಗುದ್ದಿತು ಎನ್ನಬೇಡಿ, ಕಾರು ಓಡಿಸುತ್ತಿದ್ದವರನ್ನು ಹೇಳಿ, ಕಾರಣ ತಿಳಿಯುವ ಮುನ್ನ ಅದನ್ನು ಆಕಸ್ಮಿಕ ಎಂದು ತೀರ್ಪು ಕೊಡಬೇಡಿ. ಕನ್ನಡದ ಪತ್ರಿಕಾಲಯಗಳಲ್ಲಿ ಇಂತಹ ಒಂದು ಪುಟದ ಸೂಚನೆಯನ್ನು ಗೋಡೆಗೆ ಅಂಟಿಸಲು ಖರ್ಚೇನೂ ಆಗದು.

ಇತ್ತ ಬೆಳಗಾವಿಗೆ ಬರೋಣ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ನಗರಗಳ ಪಟ್ಟಿಯಲ್ಲಿ ದಾವಣಗೆರೆಯೊಂದಿಗೆ ಬೆಳಗಾವಿಯ ಹೆಸರೂ ಇತ್ತು. ರಸ್ತೆಗಳು ಅಗಲವಾದವು. ಖಾನಾಪುರ ರಸ್ತೆಯಲ್ಲಿ ಮೂರನೇ ರೈಲ್ವೆ ಗೇಟಿಗೆ ಮೇಲ್ಸೇತುವೆ ಬಂತು. ಹಲಗಾ-ಮಚ್ಛೆ ಬೈಪಾಸ್ ಕುರಿತು ಜಮೀನು ಕಳೆದುಕೊಳ್ಳುವ ರೈತರ ಹೋರಾಟ ವರ್ಷಗಟ್ಟಲೆ ನಡೆದಿದೆ. ಅದು ಸುದ್ದಿಯೂ ಆಗಿದೆ, ಆಗಬೇಕಾದದ್ದೇ. ಈ ಎಲ್ಲ ಕಾಮಗಾರಿಗಳ ವರದಿಯಲ್ಲಿ ಪತ್ರಿಕೆಗಳು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಕೋಟಿ? ಯಾವಾಗ ಮುಗಿಯುತ್ತದೆ? ಪಾಳಿ ಬಿಟ್ಟು ಬರುವವನು ಎಲ್ಲಿ ರಸ್ತೆ ದಾಟಬೇಕು ಎಂಬ ಮೂರನೆಯ ಪ್ರಶ್ನೆಯನ್ನು ಕೇಳಿದ ಪತ್ರಕರ್ತನನ್ನು ನಾವು ಕಂಡಿಲ್ಲ. ರಾಜ್ಯ ಸರಕಾರವೇ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಹೈಸ್ಕೂಲು ದೂರ ಎಂದು ಮನೆಯಲ್ಲಿ ಕೂರುತ್ತಿದ್ದ ನಮ್ಮ ಎಷ್ಟೋ ಹೆಣ್ಣುಮಕ್ಕಳು ಆ ಸೈಕಲಿನಿಂದಾಗಿ ಹತ್ತನೆಯ ತರಗತಿ ಕಂಡರು. ಕೋವಿಡ್ ಕಾಲದಲ್ಲಿ ಆ ಹಂಚಿಕೆ ನಿಂತಿತು. ಸೈಕಲ್ ಕೊಟ್ಟ ವರ್ಷಗಳಲ್ಲಾದರೂ ಆ ಮಕ್ಕಳು ತುಳಿಯಲು ರಸ್ತೆಯ ಒಂದು ಅಂಚನ್ನು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನಾವು ಮೊದಲು ನಮ್ಮ ಮೇಜನ್ನು ಸರಿಪಡಿಸಿಕೊಳ್ಳುತ್ತೇವೆ. ನಮ್ಮ ಪುಟಗಳಲ್ಲೂ ‘ವಾಹನ ಡಿಕ್ಕಿ’, ‘ಅಡ್ಡ ಬಂದ’ ಎಂಬ ಪದಗಳು ಎಷ್ಟೋ ಸಲ ಅಚ್ಚಾಗಿವೆ. ಇನ್ನು ಮುಂದೆ ವಾಹನ ಓಡಿಸುತ್ತಿದ್ದವರನ್ನು ವಾಕ್ಯದಿಂದ ಹೊರಗಿಡುವುದಿಲ್ಲ. ಸತ್ತವನನ್ನು ‘ಸವಾರ’ ಎಂಬ ಒಂದೇ ಪದದಲ್ಲಿ ಮುಗಿಸುವುದಿಲ್ಲ. ಪೀರನವಾಡಿ, ಮಚ್ಛೆ, ಖಾನಾಪುರದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯವರು ಸೈಕಲಿನಲ್ಲಿ ದಿನವೂ ದಾಟುವ ಜಾಗಗಳಲ್ಲಿ ಎಲ್ಲಿ ವಿಭಜಕ ದಾರಿ ಕಟ್ಟಿದೆ, ಎಲ್ಲಿ ದೀಪವಿಲ್ಲ, ಎಲ್ಲಿ ಅಂಚು ಕುಸಿದಿದೆ, ಎಲ್ಲಿ ಈಗಾಗಲೇ ಜೀವ ಹೋಗಿದೆ ಎಂಬುದನ್ನು ಜಾಗದ ಹೆಸರು ಸಹಿತ ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಿ. ಅವುಗಳನ್ನು ಒಂದೂ ಬಿಡದೆ ಪ್ರಕಟಿಸಿ, ಆ ಸಂಚಿಕೆಯ ಪ್ರತಿಗಳನ್ನು ಜಿಲ್ಲಾಧಿಕಾರಿಗಳಿಗೂ ಹೆದ್ದಾರಿ ಪ್ರಾಧಿಕಾರಕ್ಕೂ ಬೆಳಗಾವಿಯ ಎಲ್ಲ ಭಾಷೆಗಳ ಪತ್ರಿಕಾಲಯಗಳಿಗೂ ತಲುಪಿಸುವ ಹೊಣೆ ನಮ್ಮದು.